ಘಟ್ಟಕ್ಕೆ ಹೊಂದಿಸಿದ ಕಾರ್ಬೊರೇಟರ್

ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರಿಗಳಿಗೆ ಬರವಿಲ್ಲ. ಕಣ್ಣು ಮುಚ್ಚಿ ಕಲ್ಲು ಒಗೆದರೂ ಒಬ್ಬ ವ್ಯಾಪಾರಿಯ ತಲೆಗೇ ಬೀಳುತ್ತದೆ. ಹಾಗಾಗಿ ಊರು ನನ್ನನ್ನು ಗುರುತಿಸುತ್ತಿದ್ದದ್ದು ವ್ಯಾಪಾರದಿಂದಲ್ಲ, ಕಿವಿಯಿಂದ. ಹಳೆಯ ಮೋಟರ್‌ಸೈಕಲ್ಲೊಂದನ್ನು ನಮ್ಮ ಅಂಗಳಕ್ಕೆ ತಂದು ಚಾಲೂ ಮಾಡಿದರೆ ಸಾಕು, ಅದರ ಕಾರ್ಬೊರೇಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿದೆಯೋ ಗಾಳಿ ಹೆಚ್ಚು ಕೊಡುತ್ತಿದೆಯೋ ಎಂದು ನಾನು ಖುರ್ಚಿಯಿಂದ ಏಳದೆ ಹೇಳುತ್ತಿದ್ದೆ. ಇದು ನನ್ನ ಉದ್ಯೋಗವಲ್ಲ, ಚಟ. ಭಾನುವಾರ ಬೆಳಿಗ್ಗೆ ಬಬಲೇಶ್ವರದಿಂದ, ಇಟ್ಟಂಗಿಹಾಳದಿಂದ, ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಗಳಿಂದಲೂ ಜನ ಗಾಡಿ ತರುತ್ತಿದ್ದರು. ಚಹಾ ಕುಡಿದು, ಹರಟೆ ಹೊಡೆದು, ಗಾಡಿ ಹೊಂದಿಸಿಕೊಂಡು ಹೋಗುತ್ತಿದ್ದರು. "ಸಾಹುಕಾರ್ರ ಕಿವಿಗೆ ಬಿತ್ತಂದ್ರ ಮುಗೀತು" ಎಂಬ ಮಾತನ್ನು ಕೇಳಿ ಕೇಳಿ ನಾನು ಉಬ್ಬಿಹೋಗಿದ್ದೆ. ಉಬ್ಬುವುದರಲ್ಲಿ ನಾನು ಮೊದಲಿನಿಂದಲೂ ಜಿಪುಣನಲ್ಲ.

ಆ ಕಿವಿ ಕೈಕೊಡಲು ಶುರುವಾಗಿ ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಣದ್ರಾಕ್ಷಿಯ ತೊಟ್ಟು ಬಿಡಿಸಿ, ಗಾಳಿ ಹಾಕಿ, ಜರಡಿ ಹಿಡಿಯುವ ಯಂತ್ರ ನಮ್ಮ ಶೆಡ್ಡಿನಲ್ಲಿ ಹಂಗಾಮಿನಲ್ಲಿ ದಿನವಿಡೀ ನಡೆಯುತ್ತದೆ. ತಗಡಿನ ಸೂರಿನ ಕೆಳಗೆ ಅದರ ಸಪ್ಪಳದ ಪಕ್ಕದಲ್ಲೇ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಮೊದಲು ಜೇಬಿನ ಮೊಬೈಲು ಬಡಿದುಕೊಳ್ಳುವುದನ್ನು ಬೇರೆಯವರು ಹೇಳಬೇಕಾಯಿತು. ಆಮೇಲೆ ಗುಬ್ಬಿಗಳು ಹೋದವು. ಗುಬ್ಬಿಗಳು ಕಣ್ಣೆದುರೇ ಜಾಲಿಯ ಮೇಲೆ ಕೂತು ಕೊಕ್ಕು ತೆರೆದು ಮುಚ್ಚುತ್ತಿದ್ದವು, ಸಪ್ಪಳ ಮಾತ್ರ ಇಲ್ಲ. ದಪ್ಪ ದನಿಗಳು ಕೇಳುತ್ತಿದ್ದವು. ಲಾರಿ, ಟ್ರ್ಯಾಕ್ಟರು, ಗಂಡಸರ ಜಗಳ ಎಲ್ಲ ಸರಿಯಾಗಿ ಕೇಳುತ್ತಿದ್ದವು. ಸಣ್ಣ, ಚೂಪಾದ ದನಿಗಳು ಒಂದೊಂದಾಗಿ ಬಿಟ್ಟುಹೋದವು. ಇಂಜಿನ್ನು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ದಪ್ಪ ಸಪ್ಪಳವಲ್ಲ, ಅದರ ಮೇಲೆ ಕೂತ ಆ ಸಣ್ಣ ಸಪ್ಪಳವೇ.

ಮುಚ್ಚಿಡುವುದು ಕಷ್ಟವಾಗಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಮನೆಯಲ್ಲಿ ನಾನು ಟಿವಿ ಮುಂದೆ ಕೂತಿರುತ್ತೇನೆ, ಇಲ್ಲವೆ ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಎದುರಿಗಿನವರ ತುಟಿ ನೋಡುತ್ತಿದ್ದೆ. ತುಟಿ ಕಾಣದಿದ್ದರೆ ಹೊತ್ತಿಗೆ ತಕ್ಕ ಉತ್ತರ ಊಹಿಸಿ ಕೊಡುತ್ತಿದ್ದೆ. ಊಟದ ಹೊತ್ತಾದರೆ "ಸಾಕು", ಹೊರಗೆ ಹೊರಡುವ ಹೊತ್ತಾದರೆ "ತರ್ತೀನಿ". ಹೆಚ್ಚಿನ ಸಲ ಸರಿಹೋಗುತ್ತಿತ್ತು. ಸಂಸಾರದಲ್ಲಿ ಇಷ್ಟೇ ಉತ್ತರಗಳು ಸಾಕಾಗುತ್ತವೆ ಎಂಬುದು ನನಗೂ ಆಶ್ಚರ್ಯವೇ.

ಇಂಜಿನ್ನಿಗೆ ಮಾತ್ರ ಊಹೆ ನಡೆಯುವುದಿಲ್ಲ. ನಮ್ಮ ಅಡುಗೆಮನೆಯ ಕಿಟಕಿ ಅಂಗಳಕ್ಕೆ ತೆರೆಯುತ್ತದೆ. ನಾನು ಸ್ಕ್ರೂ ತಿರುವುತ್ತಿರುವಾಗ ಹೆಂಡತಿ ಒಳಗೆ ಚಹಾಕ್ಕಿಟ್ಟಿರುತ್ತಾಳೆ. ಇಂಜಿನ್ನಿನ ದನಿ ಒಂದು ಹದಕ್ಕೆ ಬಂದು ನಿಂತಿತೆಂದರೆ ಕೆಲಸ ಮುಗಿಯಿತೆಂದು ಅವಳಿಗೆ ಗೊತ್ತು. ನಾನು ಕೈ ಒರೆಸಿಕೊಂಡು ಏಳುವುದಕ್ಕೂ ಅವಳು ತಟ್ಟೆ ಹಿಡಿದು ಹೊಸಿಲು ದಾಟುವುದಕ್ಕೂ ಸರಿಹೋಗುತ್ತಿತ್ತು. ಇತ್ತೀಚೆಗೆ ಅವಳು ಬೇಗ ಬರುತ್ತಿದ್ದಳು. ನಾನು ಇನ್ನೂ ಸ್ಕ್ರೂ ತಿರುವುತ್ತಲೇ ಇರುತ್ತಿದ್ದೆ, ಚಹಾ ಪಕ್ಕದಲ್ಲಿ ಆರುತ್ತಿತ್ತು. ಇವಳಿಗೆ ಇತ್ತೀಚೆಗೆ ಅವಸರ ಹೆಚ್ಚಾಗಿದೆ ಅಂದುಕೊಂಡು ನಾನೇ ಸಿಡುಕುತ್ತಿದ್ದೆ. ಹದ ದಾಟಿ ಮುಂದೆ ಹೋಗಿದ್ದವನು ನಾನು ಎಂಬುದು ನನಗೆ ತಿಳಿಯದ್ದೇನಲ್ಲ, ಆದರೆ ತಿಳಿದದ್ದನ್ನೆಲ್ಲ ಒಪ್ಪಿಕೊಳ್ಳಬೇಕೆಂದು ಎಲ್ಲಿಯೂ ಬರೆದಿಲ್ಲವಲ್ಲ.

ಬಬಲೇಶ್ವರದ ಮಾಸ್ತರರು ನನ್ನ ಹಳೆಯ ಗೆಳೆಯರು. ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾರೆ. ಅವರ ಹತ್ತಿರವೂ ನನ್ನದರಂಥದೇ ಹಳೆಯ ಗಾಡಿ ಇತ್ತು. ಅದನ್ನು ಹೋದ ವರ್ಷ ಮಾರಿ, ಕಾರ್ಬೊರೇಟರೇ ಇಲ್ಲದ ಹೊಸ ಗಾಡಿ ಕೊಂಡರು. ಅದರಲ್ಲಿ ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎಂಬುದನ್ನು ಗಾಡಿಯೇ ಲೆಕ್ಕ ಹಾಕಿಕೊಳ್ಳುತ್ತದೆ. ಅದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ ದಿನ ನನಗೆ ಮನೆಗೆ ಸವತಿ ಬಂದಂತಾಯಿತು, ಅಂದಿನಿಂದ ಅವರನ್ನು ಆಡಿಕೊಳ್ಳುವುದೇ ನನ್ನ ಕೆಲಸವಾಯಿತು. ದೀಪಾವಳಿ ಮುಗಿದು ಶೆಡ್ಡು ತಣ್ಣಗಿದ್ದಾಗ ಒಂದು ಭಾನುವಾರ ಅವರು ಚಹಾ ಹೀರುತ್ತ ಕೆಣಕಿದರು.

"ಸಾಹುಕಾರ್ರ, ಮಹಾಬಳೇಶ್ವರಕ್ಕ ಹೋಗೂಣಲ್ಲ. ನನ್ನ ಗಾಡಿ ಘಟ್ಟ ಏರಿದ್ರೂ ತಾನ ಹೊಂದಿಕೋತೈತಿ. ನಿಮ್ದು ಮಾತ್ರ ಕೆಮ್ಮತೈತಿ ನೋಡ್ರಿ."

"ನನ್ನ ಗಾಡಿ ಕೆಮ್ಮೂದಿಲ್ಲ" ಎಂದೆ.

"ಕೆಮ್ಮಿದ್ರ?"

"ಕೆಮ್ಮಿದ ದಿನ ನಾ ಸ್ಕ್ರೂ ಡ್ರೈವರ್ ಹಿಡಿಯೂದು ಬಿಡ್ತೀನಿ."

ಬಾಯಿಂದ ಬಿದ್ದ ಮಾತು, ಎತ್ತಿಕೊಳ್ಳಲು ಬರುವುದಿಲ್ಲ. ಸುತ್ತ ಇನ್ನೂ ಮೂವರು ಕೂತಿದ್ದರು, ಅವರು ನಕ್ಕರು. ಹೆಂಡತಿ ಮಾತ್ರ ಕಿಟಕಿಯಿಂದಲೇ, ನಾನೂ ಬರುತ್ತೇನೆ, ಮಹಾಬಳೇಶ್ವರ ನೋಡಿಲ್ಲ ಎಂದಳಂತೆ. ‘ಅಂತೆ’ ಯಾಕೆಂದರೆ, ನನಗೆ ಅದು ಕೇಳಿರಲಿಲ್ಲ, ಮಾಸ್ತರರು ತಿರುಗಿ ಹೇಳಿದರು.

ಮಾಸ್ತರರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಕಾರ್ಬೊರೇಟರಿಗೆ ಇದು ತಿಳಿಯುವುದಿಲ್ಲ, ಅದು ಕೆಳಗೆ ಕೊಡುತ್ತಿದ್ದಷ್ಟೇ ಪೆಟ್ರೋಲನ್ನು ಮೇಲೆಯೂ ಕೊಡುತ್ತದೆ. ಪರಾತದಲ್ಲಿ ಹಿಟ್ಟು ಕಡಿಮೆಯಾಗಿ ನೀರು ಅಷ್ಟೇ ಬಿದ್ದರೆ ರೊಟ್ಟಿ ಬಡಿಯಲಿಕ್ಕೆ ಬರುತ್ತದೆಯೇ? ಹಾಗೇ ಇದು. ಇಂಜಿನ್ನು ಕಪ್ಪು ಹೊಗೆ ಬಿಡುತ್ತದೆ, ಜಗ್ಗುವುದಿಲ್ಲ, ಕೊನೆಗೆ ಪ್ಲಗ್ಗು ತೊಯ್ದು ನಿಂತುಬಿಡುತ್ತದೆ. ಪರಿಹಾರವೂ ಸರಳ. ಕಾರ್ಬೊರೇಟರಿನೊಳಗೆ ಮೇಲಿಂದ ಕೆಳಗೆ ಗೀರುಗಳಿರುವ ಒಂದು ಸೂಜಿ ಇದೆ, ಅದನ್ನು ಒಂದು ಗೀರು ಕೆಳಗಿಳಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊರಗೆ ಗಾಳಿಯ ಸ್ಕ್ರೂ ಇದೆ, ಅದನ್ನು ಬಿಚ್ಚಿದಷ್ಟೂ ಗಾಳಿ ಹೆಚ್ಚುತ್ತದೆ. ಸೂಜಿಯನ್ನು ಕಣ್ಣಿನಿಂದ ಹೊಂದಿಸಬಹುದು. ಸ್ಕ್ರೂವನ್ನು ಕಿವಿಯಿಂದಲೇ ಹೊಂದಿಸಬೇಕು, ಅದೂ ಆ ಎತ್ತರದಲ್ಲೇ, ಆ ಗಾಳಿಯಲ್ಲೇ.

ಇದನ್ನು ಭಾನುವಾರದ ಮಂದಿಗೆ ನಾನೇ ನೂರು ಸಲ ಹೇಳಿದ್ದೇನೆ. ಆದರೆ ಘಟ್ಟದ ಮೇಲೆ ಮಾಸ್ತರರ ಎದುರಿಗೆ ಕೂತು ಕಿವಿಯಿಂದ ಹೊಂದಿಸುವ ಧೈರ್ಯ ನನಗೆ ಇರಲಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಹೊರಡುವ ಹಿಂದಿನ ದಿನ ಗೇಟು ಹಾಕಿಕೊಂಡು, ಮನೆಯ ಅಂಗಳದಲ್ಲೇ ಗಾಡಿಯನ್ನು ಘಟ್ಟಕ್ಕೆ ಹೊಂದಿಸಲು ಕೂತೆ.

ನಮ್ಮ ಕಡೆ ಊರು ಬಿಡುವುದೆಂದರೆ ಎಲ್ಲವನ್ನೂ ಮನೆಯಲ್ಲೇ ಮುಗಿಸಿ ಕಟ್ಟಿಕೊಂಡು ಹೋಗುವುದು. ಹೆಂಡತಿ ಆಗಲೇ ಕಟಕ ರೊಟ್ಟಿ ಬಡಿದು ಒಣಗಿಸಿದ್ದಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದು ಚಟ್ನಿಪುಡಿ ಕುಟ್ಟಿದ್ದಳು, ಸಿಹಿಗೆ ಮಾದಲಿ ಮಾಡಿದ್ದಳು. ಅಲ್ಲಿ ಹೋದ ಮೇಲೆ ನೋಡೋಣ ಎಂಬ ಮಾತು ನಮ್ಮ ಮನೆತನದಲ್ಲೇ ಇಲ್ಲ. ಅವಳು ರೊಟ್ಟಿಯ ಗಂಟನ್ನು ಬಿಗಿಯುತ್ತ ಹೊರಗೆ ಬಂದು ನನ್ನೆದುರು ನಿಂತು ಕೇಳಿದಳು.

"ಇಲ್ಲೆ ಹೊಂದಿಸಿದ್ರ ಅಲ್ಲಿದು ಹೆಂಗ ಗೊತ್ತಾಗ್ತೈತ್ರಿ?"

"ನೀ ಬುತ್ತಿ ಇಲ್ಲೆ ಕಟ್ಟಿದ್ದು ಅಲ್ಲಿ ಉಣ್ಣಾಕ ಬರೂದಿಲ್ಲೇನು?"

"ರೊಟ್ಟಿ ಗಾಳಿ ಕುಡ್ಯೂದಿಲ್ರಿ."

ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳದೆ ಅಲ್ಲ, ಈ ಸಲ ಸ್ಪಷ್ಟವಾಗಿಯೇ ಕೇಳಿತ್ತು. ಸೂಜಿಯನ್ನು ಒಂದು ಗೀರು ಇಳಿಸಿ, ಸ್ಕ್ರೂವನ್ನು ಅಂದಾಜಿನ ಮೇಲೆ ಬಿಚ್ಚಿ, ಕೈ ತೊಳೆದುಕೊಂಡೆ. ಘಟ್ಟದ ಗಾಳಿಗೆ ಹೊಂದಿಸಿದ ಇಂಜಿನ್ನನ್ನು ತಿಕೋಟಾದ ಗಾಳಿಯಲ್ಲಿ ಓಡಿಸಲು ಹೊರಟಿದ್ದೆ.

ಬೆಳಿಗ್ಗೆ ಮಾಸ್ತರರು ಬಬಲೇಶ್ವರದಿಂದ ಬಂದು ಸೇರಿದರು, ಮೂವರೂ ಅಥಣಿಯ ದಾರಿ ಹಿಡಿದೆವು. ದ್ರಾಕ್ಷಿ ತೋಟಗಳು ಮುಗಿದು ತೊಗರಿ ಹೊಲಗಳು ಬಂದವು. ಬಿಸಿಲು ಏರುವವರೆಗೆ ಏನೂ ಆಗಲಿಲ್ಲ. ಆಮೇಲೆ ಮೊಣಕಾಲಿಗೆ ಇಂಜಿನ್ನಿನ ಕಾವು ತಟ್ಟತೊಡಗಿತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾದರೆ ಇಂಜಿನ್ನು ಹೀಗೆಯೇ ಕಾಯುತ್ತದೆ. ಮಾಸ್ತರರು ಪಕ್ಕಕ್ಕೆ ಬಂದು ಕೈ ಬೀಸಿ ನಿಲ್ಲಿಸಲು ಹೇಳಿದರು.

"ಸಾಹುಕಾರ್ರ, ಗಾಡಿ ಗೆಜ್ಜಿ ಕಟ್ಟಿಕೊಂಡೈತೇನು? ಏರು ಬಂತಂದ್ರ ಕಿಣಿಕಿಣಿ ಅನ್ನಾಕತ್ತೈತಿ."

ನನಗೆ ಯಾವ ಗೆಜ್ಜೆಯೂ ಕೇಳಿರಲಿಲ್ಲ. ಆ ಕಿಣಿಕಿಣಿ ಎಂದರೆ ಇಂಜಿನ್ನು ಒಳಗೊಳಗೇ ಸುಡುತ್ತಿದೆ ಎಂದು ಅರ್ಥ. ಇನ್ನು ಸ್ವಲ್ಪ ದೂರ ಹೀಗೇ ಓಡಿಸಿದ್ದರೆ ಒಳಗೆ ಪಿಸ್ಟನ್ನು ಹಿಡಿದುಬಿಡುತ್ತಿತ್ತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಓಡುವ ಗಾಡಿಯ ಚಕ್ರ ಒಮ್ಮೆಲೇ ಕಚ್ಚಿದ್ದರೆ ಏನಾಗುತ್ತಿತ್ತು ಎಂದು ನೆನೆದು ಅವಳನ್ನೊಮ್ಮೆ ತಿರುಗಿ ನೋಡಿದೆ.

"ಪೆಟ್ರೋಲ್ ಸರಿ ಇಲ್ಲ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಿರಜಿನ ಹೊರಗೆ ಚಹಾದ ಅಂಗಡಿಯ ಮುಂದೆ ಗಾಡಿಯನ್ನು ಆರಲು ಬಿಟ್ಟು, ಮತ್ತೆ ಕಾರ್ಬೊರೇಟರ್ ಬಿಚ್ಚಿದೆ. ಸೂಜಿಯನ್ನು ಮೊದಲಿದ್ದ ಗೀರಿಗೆ ತಂದೆ, ಭಯಕ್ಕೆ ಇನ್ನೊಂದು ಗೀರು ಹೆಚ್ಚೇ ಏರಿಸಿದೆ. ಆಮೇಲೆ ಚಾಲೂ ಮಾಡಿ ಸ್ಕ್ರೂ ತಿರುವುತ್ತ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಭಾನುವಾರ ಮಾಡುವ ನಾಟಕವನ್ನೆಲ್ಲ ಮಾಡಿದೆ. ಕಿವಿಯಲ್ಲಿ ಗುಡುಗುಡು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಂಡತಿ ಚಹಾದ ಬಸಿಯನ್ನು ಕೆಳಗಿಟ್ಟು ಏನೋ ಅಂದಳು. ಅವಳ ತುಟಿ ಆಡಿದ್ದು ಮಾತ್ರ ಕಂಡಿತು.

"ಹೂಂ, ಹೋಗೂಣು" ಎಂದು ಎದ್ದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸೆರಗು ಸರಿಮಾಡಿಕೊಂಡು, ಗಾಡಿಯ ಕಡೆ ಹೋದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಸಾಂಗ್ಲಿ, ಕರಾಡ, ಸಾತಾರಾ ದಾಟುವವರೆಗೆ ಗಾಡಿ ಓಡಿತು. ಪೆಟ್ರೋಲನ್ನು ನೀರಿನ ಹಾಗೆ ಕುಡಿಯಿತು, ಆದರೆ ಓಡಿತು. ವಾಯಿಯಲ್ಲಿ ಮಾಸ್ತರರು, ನಾ ಮುಂದ ಹೋಗಿ ಪಂಚಗಣಿಯಾಗ ರೂಮು ನೋಡ್ತೀನಿ ಎಂದು ಕೂಗಿ ಹೇಳಿ ಹೊರಟುಹೋದರು. ಅವರ ಗಾಡಿ ಘಟ್ಟದ ತಿರುವುಗಳನ್ನು ಏರುತ್ತಿರುವುದು ಕೆಳಗಿನಿಂದ ಕಾಣುತ್ತಿತ್ತು. ನಾವೂ ಏರತೊಡಗಿದೆವು. ಮೊದಲ ತಿರುವಿನಲ್ಲಿ ಗಾಡಿ ಸುಸ್ತಾಯಿತು. ಎರಡನೆಯದರಲ್ಲಿ ಹಿಂದೆ ಬರುತ್ತಿದ್ದ ಕಾರಿನವನು ನಮ್ಮ ಹೊಗೆಯಿಂದ ತಪ್ಪಿಸಿಕೊಳ್ಳಲು ಗಾಜು ಏರಿಸಿಕೊಂಡ. ಅರ್ಧ ಘಟ್ಟದಲ್ಲಿ ಅದು ಎರಡು ಸಲ ಗುಕ್ಕು ಹಾಕಿ ನಿಂತೇಬಿಟ್ಟಿತು.

ಕೆಮ್ಮಿತೆನ್ನಿ.

ತಳ್ಳಿಕೊಂಡು ಹೋಗಿ ರಸ್ತೆಯಂಚಿನ ಕಟ್ಟೆಯ ಪಕ್ಕ ನಿಲ್ಲಿಸಿದೆ. ಕೆಳಗೆ ಕೃಷ್ಣೆ ತೆಳ್ಳಗೆ ಹರಿಯುತ್ತಿತ್ತು, ಮೇಲೆ ಸಂಜೆಯ ಬಿಸಿಲಿತ್ತು. ಪ್ಲಗ್ಗು ಬಿಚ್ಚಿದರೆ ಮಸಿ ಹಿಡಿದು ತೊಯ್ದು ತೊಪ್ಪೆಯಾಗಿತ್ತು. ಒರೆಸಿ, ಒಣಗಿಸಿ ಹಾಕಿದೆ. ಸೂಜಿಯನ್ನು ಇಳಿಸಿದೆ. ಅಷ್ಟು ಕಣ್ಣಿನ ಕೆಲಸ. ಉಳಿದದ್ದು ಸ್ಕ್ರೂ. ಗಾಡಿಯನ್ನು ಚಾಲೂ ಮಾಡಿದೆ. ಒಂದೇ ಸವನೆ ಗುಡುಗುಡು, ಎತ್ತ ತಿರುವಿದರೂ ಅದೇ ಗುಡುಗುಡು. ತಿರುವಿದೆ, ಬಿಚ್ಚಿದೆ, ಮತ್ತೆ ತಿರುವಿದೆ. ಗಾಡಿ ನಿಂತಿತು. ಮತ್ತೆ ಚಾಲೂ ಮಾಡಿದೆ. ಮತ್ತೆ ನಿಂತಿತು. ನನಗೆ ಸಿಟ್ಟು ಬಂದು ಸ್ಕ್ರೂ ಡ್ರೈವರನ್ನು ಕಣಿವೆಗೆ ಒಗೆಯಬೇಕೆನಿಸಿತು. ಅದು ಸಿಟ್ಟಲ್ಲ, ಹೆದರಿಕೆ. ಕೈಯಲ್ಲಿದ್ದ ವಿದ್ಯೆ ಕೈಯಲ್ಲೇ ಸತ್ತುಹೋದ ಹೆದರಿಕೆ.

ಹೆಂಡತಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಘಟ್ಟದಲ್ಲಿ ಇನ್ನಾರೂ ಪರಿಚಯದವರಿರಲಿಲ್ಲ.

"ಇಲ್ಲೆ ಬಾ. ಬಾಜೂಕ ಕೂಡು" ಎಂದೆ. "ನಾ ಸ್ಕ್ರೂ ಸಾವಕಾಶ ತಿರುವುತೀನಿ. ಇಂಜಿನ್ ಸಪ್ಪಳ ಏರಿ ಏರಿ ಎಲ್ಲಿ ಸಾಫ್ ಆಗ್ತೈತಿ, ಅಲ್ಲೆ ಕೈ ಎತ್ತು."

"ನಾ ಯಾಕ ಎತ್ತಬೇಕ್ರಿ? ನಿಮಗ ಗೊತ್ತಾಗೂದಿಲ್ಲೇನು?"

ಇಂಜಿನ್ನು ನಿಂತಿತ್ತು, ಅವಳ ಮುಖ ನನ್ನ ಮುಖಕ್ಕೆ ಎದುರಿಗಿತ್ತು. ಪ್ರತಿ ಅಕ್ಷರವೂ ಕೇಳಿತು.

"ಇಲ್ಲ" ಎಂದೆ. "ನನಗ ಕೇಳಸೂದಿಲ್ಲ."

"ಏನು ಕೇಳಸೂದಿಲ್ಲ?"

"ಸಣ್ಣ ಸಪ್ಪಳ ಕೇಳಸೂದಿಲ್ಲ. ಗುಬ್ಬಿ ಕೇಳಸೂದಿಲ್ಲ, ಮೊಬೈಲ್ ಕೇಳಸೂದಿಲ್ಲ. ಇಂಜಿನ್ದೂ ಗೊತ್ತಾಗೂದಿಲ್ಲ. ಎರಡು ವರ್ಷ ಆತು."

ಅವಳು ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ನೋಡಿದಳು. ಆಮೇಲೆ ಕೇಳಿದಳು.

"ನಂದು?"

"ನಿಂದೂ ಅರ್ಧಕ್ಕರ್ಧ ಕೇಳಸೂದಿಲ್ಲ. ಎದುರಿಗೆ ನಿಂತ್ರ ಗೊತ್ತಾಗ್ತೈತಿ. ಒಳಗಿಂದ ಮಾತಾಡಿದ್ರ ಏನೂ ಇಲ್ಲ."

ಕನಿಕರ ಪಡುತ್ತಾಳೆ ಎಂದುಕೊಂಡಿದ್ದೆ. ಇಲ್ಲವೆ ಮೊದಲೇ ಗೊತ್ತಿತ್ತು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ಅವಳ ಕಣ್ಣಿನಲ್ಲಿ ನೀರು ಬಂತು, ಆ ನೀರಿನೊಳಗೆ ಸಿಟ್ಟಿತ್ತು.

"ಎರಡು ವರ್ಷ ನಾ ಏನು ತಿಳ್ಕೊಂಡಿದ್ದೆ ಗೊತ್ತೇನ್ರಿ ನಿಮಗ? ನನ್ನ ಮಾತು ನಿಮಗ ಸಾಕಾಗೇತಿ ಅಂತ ತಿಳ್ಕೊಂಡಿದ್ದೆ. ಮನಿಯೊಳಗ ಬರಬಾರದಂತ ಗಾಡಿ ಮುಂದ ಕುಂಡ್ರತಾರ ಅಂತ ತಿಳ್ಕೊಂಡಿದ್ದೆ. ಗಾಡಿ ಸಪ್ಪಳ ಸರಿ ಆಗಿರತಿತ್ತು, ಚಾ ತಂದಿರತಿದ್ದೆ, ನೀವು ಏಳತಿರಲಿಲ್ಲ. ನನ್ನ ಮಾರಿ ನೋಡೂದು ಬ್ಯಾಡಾಗೇತಿ ಇವರಿಗೆ ಅಂತ ಚಾ ಅಲ್ಲೆ ಇಟ್ಟು ಹೋಗತಿದ್ದೆ."

ನಾನು ಎರಡು ವರ್ಷ ಕಾಪಾಡಿದ್ದು ಊರಿನ ಬಾಯಲ್ಲಿದ್ದ ಒಂದು ಮಾತನ್ನು. ಅದಕ್ಕಾಗಿ ಇವಳ ಮನಸ್ಸಿನಲ್ಲಿ ನಾನು ಇಂಥ ಗಂಡನಾಗಿ ಕೂತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಹಾಗೆ ತಿಳಿದುಕೊಂಡೂ ನನ್ನ ಹಿಂದೆ ಇಷ್ಟು ದೂರ ಕೂತು ಬಂದಿದ್ದಳಲ್ಲ ಎಂದೂ ಅನಿಸಿತು.

"ಹಂಗಲ್ಲ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಲ್ಲ ಅಂತ ಈಗ ಗೊತ್ತಾತಲ್ರಿ. ಚಾಲೂ ಮಾಡ್ರಿ. ಹೊತ್ತು ಮುಳಗತೈತಿ" ಎಂದು ನನ್ನ ಪಕ್ಕಕ್ಕೆ ಬಂದು ಕೂತಳು.

ಗಾಡಿ ಚಾಲೂ ಮಾಡಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿ ಅವಳ ಕೈಯನ್ನು ನೋಡಿದೆ. ಕೈ ತೊಡೆಯ ಮೇಲಿತ್ತು. ಇನ್ನಷ್ಟು ತಿರುವಿದೆ. ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಇರುವಂಥ ಮುಖ. ಬೆರಳು ಸ್ವಲ್ಪ ಎದ್ದಿತು, ತಡೆಯಿತು. ಮತ್ತಷ್ಟು. ಕೈ ಮೇಲೆ ಹೋಯಿತು. ನಾನು ನನ್ನ ಚಟಕ್ಕೆ ಇನ್ನೊಂದು ಎಳೆ ದಾಟಿಸಿದೆ. ಅವಳು ನನ್ನ ಮೊಣಕೈಗೆ ತಟ್ಟಿದಳು.

"ದಾಟಿದ್ರಿ. ಹಿಂದಕ ಬರ್ರಿ."

ಹಿಂದಕ್ಕೆ ಬಂದೆ. ಕೈ ಎದ್ದಿತು. ನನಗೆ ಏನೂ ವ್ಯತ್ಯಾಸ ಕೇಳಲಿಲ್ಲ. ಅಂಗೈಯನ್ನು ಟ್ಯಾಂಕಿನ ಮೇಲಿಟ್ಟರೆ ನಡುಕ ಮಾತ್ರ ಸಮನಾಗಿರುವಂತೆ ತಿಳಿಯಿತು. ಕೇಳದ್ದನ್ನು ನಂಬುವುದು ನನ್ನಂಥವನಿಗೆ ಸುಲಭದ ಮಾತಲ್ಲ, ಆದರೂ ನಂಬಿದೆ. ಗಾಡಿ ಉಳಿದ ಘಟ್ಟವನ್ನು ಒಂದು ಸಲವೂ ಗುಕ್ಕು ಹಾಕದೆ ಏರಿತು.

ಪಂಚಗಣಿಯ ಪೇಟೆಯ ಬಾಯಿಯಲ್ಲೇ ಮಾಸ್ತರರು ನಿಂತಿದ್ದರು.

"ಕೆಮ್ಮಿತೇನ್ರಿ ಸಾಹುಕಾರ್ರ?"

"ಕೆಮ್ಮಿತು" ಎಂದೆ. "ನನ್ನ ಕಿವಿ ಹೋಗೇತಿ ಮಾಸ್ತರ್ರ. ಘಟ್ಟದಾಗ ಇಕಿ ಕೇಳಿ ಹೊಂದಿಸಿದ್ಲು."

ಅವರು ನಗುತ್ತಾರೆ ಎಂದು ಕಾದೆ. ಮಾಸ್ತರರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಆಮೇಲೆ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, ತಮ್ಮ ಹಳೆಯ ಗಾಡಿಯ ಕಥೆ ಹೇಳಿದರು.

"ನೀವು ಹೊಂದಿಸಿ ಕೊಟ್ಟ ಮ್ಯಾಲ ಅದು ಹೊಗಿ ಉಗಳಾಕ ಚಾಲೂ ಮಾಡಿತ್ರಿ. ಮತ್ತ ತಂದೆ, ಮತ್ತ ಹಂಗ ಆತು. ಹೇಳಿದ್ರ ನಿಮಗ ಬ್ಯಾಸರ ಆಗ್ತೈತಿ, ಬ್ಯಾರೆಯವರ ಕಡೆ ತೋರಿಸಿದ್ರ ಇನ್ನೂ ಬ್ಯಾಸರ ಆಗ್ತೈತಿ. ಅದಕ್ಕ ಗಾಡೀನ ಮಾರಿಬಿಟ್ಟೆ."

ಅವರಿಗೆ ಆ ಗಾಡಿಯ ಮೇಲೆ ಎಷ್ಟು ಜೀವವಿತ್ತೆಂದು ನನಗೆ ಗೊತ್ತು. ನನಗೆ ಬೇಸರವಾಗಬಾರದೆಂದು ಅದನ್ನು ಮಾರಿದ್ದರು, ನಾನು ಅದನ್ನೇ ಹಿಡಿದು ಅವರನ್ನು ಒಂದು ವರ್ಷ ಆಡಿಕೊಂಡಿದ್ದೆ. ಹೆಂಡತಿ ಅವರ ತಟ್ಟೆಗೆ ಇನ್ನಷ್ಟು ಶೇಂಗಾ ಹಿಂಡಿ ಹಾಕಿ ಮೊಸರು ಸುರಿದಳು. ಮಾಸ್ತರರು, ಇನ್ನ ಮುಂದ ಭಾನುವಾರ ಎರಡು ಖುರ್ಚಿ ಹಾಕ್ರಿ ಎಂದು ಅವಳಿಗೆ ಹೇಳಿದರು. ನಾವು ಮೂವರೂ ನಕ್ಕೆವು, ಆ ನಗು ನನಗೆ ಪೂರ್ತಿಯಾಗಿ ಕೇಳಿಸಿತು.

ಮರುದಿನ ಬೆಳಿಗ್ಗೆ ಮಾಸ್ತರರು ಇನ್ನೂ ಮಲಗಿದ್ದಾಗ ನಾವಿಬ್ಬರೂ ಊರ ಮೇಲಿನ ಚಪ್ಪಟೆ ಗುಡ್ಡಕ್ಕೆ ಹೋದೆವು. ನಮ್ಮ ಕಡೆಯ ಬಯಲಿನಷ್ಟೇ ಸಪಾಟಾದ ಬಯಲು, ಆದರೆ ಅಂಚಿಗೆ ಹೋದರೆ ಕೆಳಗೆ ಏನೂ ಇಲ್ಲ. ಚಳಿಗೆ ಶಾಲು ಹೊದ್ದು ಒಂದು ಕಲ್ಲಿನ ಮೇಲೆ ಕೂತೆವು. ಅವಳು ತಾನಾಗಿಯೇ ನನ್ನ ಎದುರಿಗೆ, ಮುಖ ಕಾಣುವಂತೆ ಕೂತಳು.

"ಈ ಎರಡು ವರ್ಷದಾಗ ಏನೇನು ಹೇಳಿದ್ದಿ ಹೇಳು" ಎಂದೆ. "ಈಗ ಕೇಳ್ತೀನಿ."

"ಎಲ್ಲಿ ನೆನಪಿರ್ತಾವ್ರಿ? ಅವೇನು ದೊಡ್ಡ ಮಾತು? ಆವತ್ತಿನವು ಆವತ್ತಿಗೆ ಹೋದ್ವು."

ಅದು ನನಗೆ ಹೊಳೆದಿರಲಿಲ್ಲ. ಇಂಜಿನ್ನಿಗಾದರೆ ಸ್ಕ್ರೂವನ್ನು ಹಿಂದಕ್ಕೆ ತಿರುವಬಹುದು. ನಾನು ಕೂತಲ್ಲೇ ಶಾಲಿನ ದಾರ ಕೀಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಣಿವೆ ನೋಡಿ, ಹೇಳಲೋ ಬೇಡವೋ ಎಂದು ಅಳೆದು, ಕೊನೆಗೆ ಹೇಳಿದಳು.

"ಒಂದು ನೆನಪೈತಿ. ಹೋದ ವರ್ಷ ಒಂದಿನ ಚಾ ತಂದು ಇಟ್ಟು, ಎದಿಮ್ಯಾಲ ಒಂದು ಗಂಟು ಕೈಗೆ ಹತ್ತತೈತ್ರಿ ಅಂದೆ. ನೀವು ಗಾಡಿ ಮುಂದ ಕುಂತಿದ್ರಿ. ಸಕ್ಕರಿ ಸಾಕು ಅಂದ್ರಿ."

ನಾನು ಶಾಲಿನ ದಾರ ಬಿಟ್ಟು ಅವಳ ಕಡೆ ಬಾಗಿದೆ.

"ಆಮ್ಯಾಲೆ?"

"ಆಮ್ಯಾಲೇನು, ವಿಜಾಪುರಕ್ಕ ಹೋಗಿ ತೋರಿಸ್ಕೊಂಡು ಬಂದೆ. ಸೂಜಿ ಹಾಕಿ ತೆಗೆದು ತಪಾಸ ಮಾಡಿದ್ರು. ಮತ್ತೊಮ್ಮೆ ಬಾ ಅಂದ್ರು, ಹೋದೆ. ಏನಿಲ್ಲ, ಬರೇ ಕೊಬ್ಬಿನ ಗಂಟು ಅಂದ್ರು."

"ಯಾರ ಜೋಡಿ ಹೋಗಿದ್ದಿ?"

"ಯಾರ ಜೋಡಿ ಹೋಗೂದ್ರಿ? ಬಸ್ಸಿಗೆ ಹೋದೆ. ನಿಮಗ ತವರಮನಿಗೆ ಹೋಗಿ ಬರ್ತೀನಿ ಅಂತ ಹೇಳಿ ಹೋಗಿದ್ದೆ. ಅದಕ್ಕೂ ನೀವು ಹೂಂ ಅಂದ್ರಿ."

ಅವಳ ತವರು ಇಟ್ಟಂಗಿಹಾಳ, ವಿಜಯಪುರದ ದಾರಿಯಲ್ಲೇ ಬರುತ್ತದೆ. ಅವಳು ಹೋಗಿ ಬಂದ ಎರಡೂ ಸಂಜೆ ನಾನು ಎಲ್ಲಿದ್ದೆ, ಏನು ಉಂಡೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಇವಳು ಎಷ್ಟು ರಾತ್ರಿ ನನ್ನ ಪಕ್ಕದಲ್ಲೇ ಎಚ್ಚರವಾಗಿ ಮಲಗಿದ್ದಳೋ ಏನೋ. ನಾನು ಅತ್ತೆ. ಬೆಳಗಿನ ಆ ಬಯಲಿನಲ್ಲಿ ಕುದುರೆ ಸವಾರಿಗೆ ಕರೆಯುವವನೊಬ್ಬ ನಮ್ಮ ಕಡೆಗೆ ಬರುತ್ತಿದ್ದವನು ನನ್ನನ್ನು ನೋಡಿ ಬೇರೆ ಕಡೆ ತಿರುಗಿಹೋದ. ಹೆಂಡತಿ, ಆಗಿದ್ದು ಆತು, ಏಳ್ರಿ, ಚಾ ಕುಡಿಯೂಣು ಎಂದಳು.

ಊರಿಗೆ ಬಂದ ವಾರದಲ್ಲೇ ವಿಜಯಪುರದಲ್ಲಿ ಕಿವಿ ತೋರಿಸಲು ಹೊರಟೆ. ಬರಿಯ ತಪಾಸಣೆ, ಹೆಚ್ಚು ಹೊತ್ತಿನ ಕೆಲಸವಲ್ಲ ಎಂದು ಗೊತ್ತಿತ್ತು. ನಾನು ಅಂಗಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ಮನೆಗೆ ಕೀಲಿ ಹಾಕಿ, ಚೀಲ ಹಿಡಿದು, ಬಾಗಿಲಲ್ಲಿ ನಿಂತಿದ್ದಳು.

"ನೀ ಯಾಕ? ನಾ ಒಬ್ಬನ ಹೋಗಿ ಬರ್ತೀನಿ" ಎಂದೆ.

ಅವಳು ನನ್ನ ಎದುರಿಗೆ ಬಂದು, ಮುಖ ಎತ್ತಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಒಬ್ರ ಹೋಗಿ ಆ ದವಾಖಾನಿ ಬೆಂಚಿನ ಮ್ಯಾಲ ಕುಂಡ್ರೂದು ಹೆಂಗಿರ್ತೈತಿ ಅಂತ ನನಗ ಗೊತ್ತೈತಿ. ನಡೀರಿ."